ಒಂದೂವರೆ ಮೊಳ ಮಣ್ಣಿನ ಕೆಳಗೆ

1944ರಲ್ಲಿ ನಾವು ಚನ್ನಗಿರಿಯಲ್ಲಿದ್ದೆವು. ನಮ್ಮ ಯಜಮಾನರು ಮನೆ ಕಟ್ಟಿಸುವ ಕಂಟ್ರಾಕ್ಟರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ಸುತ್ತಮುತ್ತ ಅವರ ಕೆಲಸ. ನನಗೆ ಹುದ್ದೆ ಎಂಬುದು ಇರಲಿಲ್ಲ. ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ ಒಂದು ಡ್ರಾಯಿಂಗ್ ಹಲಗೆ ಇತ್ತು. ಕರಾವಳಿಯ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರುಗಳು ಕಸೂತಿಯ ಜೊತೆಗೆ ಸ್ಕೇಲು ಹಿಡಿದು ನಕ್ಷೆ ಬರೆಯುವುದನ್ನೂ ಕಲಿಸಿದ್ದರು. ಮದುವೆಯಾದ ಮೊದಲ ವರ್ಷ ಯಜಮಾನರ ಪ್ಲಾನುಗಳನ್ನು ಚೊಕ್ಕವಾಗಿ ನಕಲು ಮಾಡಿಕೊಡುತ್ತಿದ್ದೆ. ಎರಡನೆಯ ವರ್ಷ ಅವುಗಳನ್ನು ತಿದ್ದತೊಡಗಿದೆ. ಮೂರನೆಯ ವರ್ಷದಿಂದ ಪ್ಲಾನು ನನ್ನದು, ಕಟ್ಟುವುದು ಅವರದು ಎಂದಾಯಿತು. ಕೆಳಗಿನ ರುಜು ಮಾತ್ರ ಯಾವಾಗಲೂ ಅವರದೇ.

ಆ ಪ್ರಾಂತ್ಯದಲ್ಲಿ ನಾಲ್ಕು ಊರಿಗೆ ನಾಲ್ಕು ಬಗೆಯ ಮನೆ. ಹೊನ್ನಾಳಿಯಲ್ಲಿ ಹೊಳೆ ಬರುತ್ತದೆಂದು ತಳಪಾಯವನ್ನು ಸೊಂಟದೆತ್ತರಕ್ಕೆ ಏರಿಸಬೇಕು. ನ್ಯಾಮತಿ, ಚನ್ನಗಿರಿಗಳಲ್ಲಿ ಹೆಂಚು ನಡೆಯುತ್ತದೆ. ಜಗಳೂರಿನ ಕಡೆ ಮಳೆ ಕಡಿಮೆ. ಅಲ್ಲಿ ಚಪ್ಪಟೆ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಡ್ಡಿ ಸೊಪ್ಪು ಹಾಸಿ ಮೇಲೆ ಮಣ್ಣು. ಕೊನೆಯ ಪದರ ಸವಳು ಮಣ್ಣಿನದು. ಉಪ್ಪಿನಂಶವಿರುವ ಆ ಬಿಳಿ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ಬಿರುಕು ಬಿಟ್ಟರೆ ಮಳೆಗಾಲಕ್ಕೆ ಮೊದಲು ಇನ್ನೊಂದು ಪದರ ಹಾಕುತ್ತಾರೆ. ಯುದ್ಧದ ಕಾಲ, ಸಿಮೆಂಟಿಗೆ ಪರ್ಮಿಟ್ ಬೇಕು, ತಗಡು ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮಣ್ಣನ್ನೇ ನಂಬಿದ್ದರು.

ನನ್ನ ಕೆಲಸಕ್ಕೆ ಒಂದು ಪದ್ಧತಿ ಇತ್ತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಯಜಮಾನರು ಜಗಲಿಯ ಮೇಲೆ ಗಂಡಸರೊಂದಿಗೆ ಮಾತಾಡುತ್ತಿರುವಾಗ ನಾನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹೆಂಗಸರನ್ನು ಕೇಳುತ್ತಿದ್ದೆ. ಒಲೆ ಯಾವ ದಿಕ್ಕಿಗಿರಲಿ? ನಿಂತರೆ ಕಿಟಕಿ ಎಲ್ಲಿಗೆ ಬರಬೇಕು? ಸ್ನಾನಕ್ಕೆ ಮರೆ ಇದೆಯೇ? ಬಾಗಿಲು ತೆರೆದಿದ್ದರೆ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ.

ಜಗಳೂರಿನ ಹತ್ತಿ ವ್ಯಾಪಾರಿ ಬಸಣ್ಣ ತನ್ನ ಹಳೆಯ ಮನೆಯ ದುರಸ್ತಿಗೆ ನಮ್ಮನ್ನು ಕರೆಸಿದ. ಹಿಂದಿನ ವರ್ಷ ಅವರ ಒಳಕೋಣೆ ಸೋರಿತ್ತು. ಆ ಕೋಣೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮಾಳಿಗೆಯ ಮಣ್ಣು ಎಷ್ಟು ದಪ್ಪ ಇದೆಯೆಂದು ಯಜಮಾನರ ಮೂಲಕ ಕೇಳಿಸಿದಾಗ ಬಸಣ್ಣ, “ಒಂದು ಗೇಣು ಇದ್ದೀತು” ಎಂದಿದ್ದ. ಕರಾವಳಿಯವಳಾದ ನನಗೆ ಸೋರುವ ಸೂರಿಗೆ ಗೊತ್ತಿದ್ದ ಔಷಧ ಒಂದೇ: ಇಳಿಜಾರು. ಹಿಂಗೋಡೆಯ ಕಡೆ ಅರ್ಧ ಅಡಿ ಮಣ್ಣು ಏರಿಸಿ ಮುಂದಕ್ಕೆ ಇಳಿಸಿದರೆ ನೀರು ಹರಿದುಹೋಗುತ್ತದೆಂದು ಬರೆದುಕೊಟ್ಟೆ. ಏಣಿ ಹತ್ತಿ ಮೇಲೆ ನೋಡಲಿಲ್ಲ. ನೆರಿಗೆ ಸೀರೆ ಉಟ್ಟು ನಾಲ್ಕು ಜನ ಗಂಡಸರ ಮುಂದೆ ಏಣಿ ಹತ್ತುವುದೆಂದರೆ ನಾಚಿಕೆ. ಚೈತ್ರದಲ್ಲಿ ಮಣ್ಣು ಬಿತ್ತು. ಗಾರೆ, ಸುಣ್ಣ, ನೆಲ ನಯಗೊಳಿಸುವುದು ಮಾತ್ರ ಉಳಿದಿತ್ತು.

ಆ ಕೊನೆಯ ಕೆಲಸ ನೋಡಲು ರೋಹಿಣಿ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ನಾನು ಜಗಳೂರಿನಲ್ಲಿದ್ದೆ. ಯಜಮಾನರು ಹೊನ್ನಾಳಿಗೆ ಹೋಗಿದ್ದರು. ನನ್ನ ಜೊತೆಗಿದ್ದವರು ಕೆರೆಬಿಳಚಿಯ ಇಮಾಮ್ ಸಾಬ್ ಮೇಸ್ತ್ರಿ. ಅರವತ್ತು ದಾಟಿದವರು, ಕಟ್ಟಿದ ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿ ನೋಡದೆ ಮನೆಗೆ ಹೋದವರಲ್ಲ. ಅವರು ಹೊರಗೆ ಸುಣ್ಣ ಕಲಸಿಸುತ್ತಿದ್ದರು. ನಾನು ಒಳಕೋಣೆಗೆ ಹೋದೆ. ಬಸಣ್ಣನ ತಾಯಿ ಹನುಮಕ್ಕ, ಏಳು ತಿಂಗಳ ಬಸುರಿ ಸೊಸೆ ಗೌರಮ್ಮ ಅಲ್ಲಿದ್ದರು. ಗೌರಮ್ಮ ಏನೋ ಹೇಳಬೇಕೆಂದು ಸೆರಗಿನ ತುದಿ ಹಿಂಡುತ್ತಿದ್ದಳು. ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ.

ಅವಳು ಬಚ್ಚಲಿಗೆ ಒಂದು ಕದ ಬೇಕೆಂದು ಹೇಳಿ ಮುಗಿಸುವಷ್ಟರಲ್ಲಿ ತಲೆಯ ಮೇಲೆ ‘ಕಟಕ್’ ಎಂದಿತು. ಒಣ ಕಬ್ಬು ಮುರಿದಂತೆ, ಅಷ್ಟೇ ಸಣ್ಣ ಸದ್ದು. ಹೊಸ ಸುಣ್ಣದ ಮೇಲೆ ಒಂದು ಕಂದು ಗೆರೆ ಧೂಳು ಇಳಿಯಿತು. ತೊಲೆಯ ನಡುವೆ ಬೆರಳು ತೂರುವಷ್ಟು ಸೀಳು ಬಾಯಿಬಿಟ್ಟಿತ್ತು. ಗೌರಮ್ಮ ಓಡಿಹೋಗಿ ಕದ ಎಳೆದಳು. ಅದು ಅಲ್ಲಾಡಲಿಲ್ಲ. ಮೇಲಿನ ಗೋಡೆ ಚೌಕಟ್ಟಿನ ಮೇಲೆ ಕುಳಿತುಬಿಟ್ಟಿತ್ತು.

ಕೂಗು ಕೇಳಿ ಹೊರಗೆ ಜನ ಸೇರಿದರು. ಬಸಣ್ಣ ಕೊಡಲಿ ತಂದ.

“ಸರೀರಿ ಎಲ್ರೂ! ಕದ ಒಡೀತೀನಿ.”

“ಏಯ್ ಬಸಣ್ಣ, ಕೊಡ್ಲಿ ಕೆಳಗೆ ಇಡು!” ಇಮಾಮ್ ಸಾಬರ ದನಿ. ಅವರು ಯಾರನ್ನೂ ಏಕವಚನದಲ್ಲಿ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ನನ್ ಹೆಂಡ್ತಿ ಒಳಗೈದಾಳೆ, ಸಾಬ್ರೇ!”

“ಐದಾಳೆ ಅಂತಾನೇ ಹೇಳ್ತಿರೋದು. ಈಗ ಆ ಚೌಕಟ್ಟೇ ಕಂಬ. ಒಂದು ಏಟು ಬಿದ್ರೆ ಮೂರು ಹೆಣ ಎತ್ತಬೇಕಾಗ್ತೈತೆ.”

ಬಾಗಿಲು ನಮ್ಮನ್ನು ಹೊರಕ್ಕೆ ಬಿಡುತ್ತಿರಲಿಲ್ಲ. ಬಾಗಿಲೇ ನಮ್ಮನ್ನು ಉಳಿಸಿಯೂ ಇತ್ತು. ಮಳೆ ಕುಡಿದ ಮಣ್ಣು ಮೇಲಿತ್ತು. ಅದನ್ನು ತೆಗೆಯದೆ ಕದ ಮುಟ್ಟುವಂತಿಲ್ಲ. ಒಳಗಿನಿಂದ ತೊಲೆಗೆ ಆಸರೆ ಕೊಡದೆ ಮಾಳಿಗೆಯ ಮೇಲೆ ಯಾರೂ ಕಾಲಿಡುವಂತಿಲ್ಲ. ಒಳಗಿದ್ದವರು ನಾವು ಮೂವರು.

ಹಿಂಗೋಡೆಯಲ್ಲಿ ಅಂಗೈಯಗಲದ ಗವಾಕ್ಷಿ ಇತ್ತು. ಇಮಾಮ್ ಸಾಬರು ಅಲ್ಲಿಗೆ ಬಾಯಿಟ್ಟರು. “ಅಮ್ಮಾರೇ, ಒಳಗೆ ಏನೇನೈತೆ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ನಾನು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದೆ: ಗೌರಮ್ಮನ ತವರಿನ ಪೆಟ್ಟಿಗೆ, ಬೀಸುವ ಕಲ್ಲು, ಎರಡು ಒನಕೆ, ನಾಲ್ಕು ಚೀಲ ಜೋಳ.

“ಸಾಕು. ಪೆಟ್ಟಿಗೆ ತೊಲೆ ಸೀಳಿನ ಕೆಳಗೆ ಎಳೀರಿ. ಟೊಳ್ಳಿದ್ರೆ ಕುಸೀತೈತೆ, ಬಟ್ಟೆ ತೆಗೆದು ಜೋಳ ತುಂಬ್ರಿ. ಮ್ಯಾಲೆ ಕಲ್ಲು, ಕಲ್ಲಿನ ಮ್ಯಾಲೆ ಒನಕೆ. ಜಲ್ದಿ, ಆದ್ರೆ ಬಡೀಬ್ಯಾಡ್ರಿ. ಮಗೂನ ಮಲಗ್ಸೋ ಹಂಗೆ ಮಾಡ್ರಿ.”

ಗೌರಮ್ಮನನ್ನು ಹೊಸಿಲಿನ ಮೇಲೆ, ಚೌಕಟ್ಟಿನ ಕೆಳಗೆ ಕೂರಿಸಿದೆವು. ಬಿದ್ದರೆ ಕೊನೆಗೆ ಬೀಳುವ ಜಾಗ ಅದು. ಹನುಮಕ್ಕನೂ ನಾನೂ ಬೊಗಸೆ ಬೊಗಸೆಯಾಗಿ ಜೋಳ ಸುರಿದೆವು. ಬೀಸುವ ಕಲ್ಲನ್ನು ಎತ್ತುವಾಗ ನನ್ನ ಬಳೆಗಳು ಒಡೆದವು. ಹನುಮಕ್ಕ ಒಡೆದ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, “ಹೋಗ್ಲಿ ಬಿಡ್ರಿ, ಹೊರಗೆ ಹೋದ್ಮ್ಯಾಲೆ ಡಜನ್ ಇಡಿಸ್ತೀನಿ. ಈಗ ಎತ್ರಿ” ಎಂದಳು. ಒನಕೆಗೂ ತೊಲೆಗೂ ನಡುವೆ ಎರಡು ಬೆರಳು ಸಂದು ಉಳಿಯಿತು. ಬೆಣೆ ಕೊಡಲು ಮರದ ಚೂರೂ ಇರಲಿಲ್ಲ. ನನ್ನ ಅಡಿಪಟ್ಟಿಯನ್ನು ಮೊಣಕಾಲಿಗೆ ಕೊಟ್ಟು ನಾಲ್ಕು ತುಂಡು ಮಾಡಿ ಒಂದರ ಮೇಲೊಂದು ತುರುಕಿದೆ. ಸಂದು ಮುಚ್ಚಿತು.

“ಕೂತ್ಕಂಡ್ತು, ಮೇಸ್ತ್ರೀ” ಎಂದು ಹನುಮಕ್ಕ ಕೂಗಿದಳು.

“ಕೂಗಬ್ಯಾಡಮ್ಮ, ಕೂಗಬ್ಯಾಡ” ಎಂದರು ಅವರು.

ಆಮೇಲೆ ಕಾಯುವುದು. ಇಮಾಮ್ ಸಾಬರು ಅಂಚಿನಲ್ಲಿ ಹಲಗೆ ಹಾಸಿಕೊಂಡು, ಹೊಟ್ಟೆಯ ಮೇಲೆ ಮಲಗಿ ಮಣ್ಣು ಬಗೆಯತೊಡಗಿದರು. ಗುದ್ದಲಿಯಿಲ್ಲ, ಕರಣೆಯಿಂದ. ಬುಟ್ಟಿ ತುಂಬಿದಂತೆ ಕೆಳಗಿದ್ದವರು ಇಳಿಸಿಕೊಳ್ಳುತ್ತಿದ್ದರು. ನಮಗೆ ಕಾಣುತ್ತಿದ್ದುದು ಗವಾಕ್ಷಿಯ ಒಂದು ತುಂಡು ಬಿಸಿಲು. ಅದು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಒಳಗೆ ಸೆಕೆ, ಹಸಿ ಸುಣ್ಣದ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ಕುಡಿಯಲು ನೀರಿರಲಿಲ್ಲ. ಗವಾಕ್ಷಿಯಿಂದ ಯಾರೋ ಒದ್ದೆ ಬಟ್ಟೆ ತುರುಕಿದರು. ಗೌರಮ್ಮ ಅದನ್ನು ಹೀರಿದಳು, ಆಮೇಲೆ ನನ್ನ ಕೈಗೆ ಕೊಟ್ಟಳು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳಲ್ಲಿ ಒಂದೂ ಕೊನೆತನಕ ನೆನಪಾಗಲಿಲ್ಲ. ನಾನು ಒನಕೆಯ ತುದಿಯನ್ನೇ ನೋಡುತ್ತಿದ್ದೆ. ಉಸಿರು ಜೋರಾಗಿ ಬಿಡುವುದಕ್ಕೂ ಅಂಜಿಕೆ.

ಮೇಲಿನಿಂದ ಇಮಾಮ್ ಸಾಬರ ಗೊಣಗು ಕೇಳಿಸಿತು. “ಇದೇನ್ರೀ ಇದು! ಒಂದು ಗೇಣು ಬಗ್ದೆ, ಇನ್ನೂ ಜಂತಿ ಸಿಗವಲ್ದು. ಕೆಮ್ಮಣ್ಣು ಬಂತು ಈಗ.”

ಹನುಮಕ್ಕ ತಲೆಯೆತ್ತಲಿಲ್ಲ. “ಅದು ನಮ್ ಯಜಮಾನ್ರು ತೀರ್ಕಂಡ ವರ್ಷದ್ದು. ಸವಳು ತರಾಕೆ ಯಾರಿದ್ರು? ಕೆರೆ ಏರಿ ಕೆಳಗಿನ ಕೆಮ್ಮಣ್ಣೇ ಹೊತ್ತು ಹಾಕ್ದೆ.”

ಸ್ವಲ್ಪ ಹೊತ್ತಾದ ಮೇಲೆ, “ಬೂದಿ ಕಲ್ಸಿದ ಮಣ್ಣು.”

“ಅದು ಬಸಣ್ಣನ ಮದ್ವಿಗೆ ಮುಂಚೆ. ಅದರ ಕೆಳಗೆ ಇನ್ನೂ ಎಷ್ಟೋ ಪದರ ಐತೆ.”

ನಾನು ಅವಳನ್ನೇ ನೋಡಿದೆ. “ಮಾಳಿಗೆ ಇಷ್ಟು ದಪ್ಪ ಅಂತ ನಿಮಗೆ ಗೊತ್ತಿತ್ತೇ?”

“ಹೊತ್ತಾಕಿ ನಾನು. ವರ್ಷಾ ವರ್ಷ ಕಚ್ಚೆ ಹಾಕ್ಕಂಡು ಏಣಿ ಹತ್ತಿದಾಕಿ ನಾನು. ನನಗ್ ಗೊತ್ತಿಲ್ದೆ ಅವನಿಗೆ ಗೊತ್ತಿರ್ತೈತಾ? ಅವನು ಹತ್ತಿ ಅಂಗಡೀಲಿ ಕೂತಿರ್ತಾನೆ.”

“ನನಗೆ ಹೇಳಲಿಲ್ಲವಲ್ಲ, ಹನುಮಕ್ಕಾ.”

“ನೀವೆಲ್ಲಿ ಕೇಳಿದ್ರಿ? ಒಲೆ ಕೇಳಿದ್ರಿ, ಕಿಟಕಿ ಕೇಳಿದ್ರಿ, ಬಚ್ಚಲು ಕೇಳಿದ್ರಿ. ಮಾಳಿಗೆ ಮಾತು ಗಂಡಸ್ರ ಹತ್ರ ಕೇಳ್ಸಿದ್ರಿ. ದೊಡ್ಡೋರು, ಓದ್ದೋರು, ನೋಡಿರ್ತಾರೆ ಅಂತ ಸುಮ್ನಿದ್ದೆ.”

ಆ ಕೋಣೆಯಲ್ಲಿ ಓಡಿಹೋಗಲು ಜಾಗವಿರಲಿಲ್ಲ. ನಾನು ಹೇಳಿಬಿಟ್ಟೆ: ಹಿಂಗೋಡೆಯ ಮೇಲೆ ಅರ್ಧ ಅಡಿ ಏರಿಸಿ ಎಂದು ಬರೆದವಳು ನಾನು, ನಿಮ್ಮ ಸೊಸೆ ಆ ಹೊಸಿಲ ಮೇಲೆ ಕುಳಿತಿರುವುದು ನನ್ನ ಗೆರೆಯಿಂದ.

ಹನುಮಕ್ಕ ಜೋಳದ ಧೂಳು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನೀವು ಹೇಳಿದ್ದು ಒಂದು ಸಲ. ನಾನು ಹೊತ್ತಿದ್ದು ಹತ್ತೊಂಬತ್ತು ವರ್ಷ. ಹಳೇದು ಕೆರೆದು ಹೊಸದು ಹಾಕ್ಬೇಕು ಅಂತ ನಮ್ಮತ್ತೆ ಹೇಳ್ತಿದ್ಲು. ಕೆರೆಯಾಕೆ ರಟ್ಟೆ ಬರ್ಲಿಲ್ಲ, ಮ್ಯಾಲೆ ಮ್ಯಾಲೆ ಸುರಿದೆ. ತಪ್ಪಿನ ಪಾಲು ಹಂಚ್ಕಳಾದು ಹೊರಗೆ ಹೋದ್ಮ್ಯಾಲೆ ನೋಡಾಣ.” ಆಮೇಲೆ ಸೊಸೆಯ ಕಡೆ ತಿರುಗಿ, “ಏನೇ, ಒಳಗಿಂದು ಒದೀತೈತಾ?” ಎಂದಳು.

“ಒದೀತೈತೆ ಅತ್ತೆ.”

“ಒದೀಲಿ. ತೊಲೆಗೆ ತಾಗದಂಗೆ ಒದಿಯಾಕೆ ಹೇಳು.”

ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕದ್ದೇ ಅಳುವಾಯಿತು. ಅಷ್ಟರಲ್ಲಿ ತೊಲೆ ಇನ್ನೊಮ್ಮೆ ‘ಕಟಕ್’ ಎಂದಿತು. ಬೆಣೆಯ ಒಂದು ಚೂರು ಚಿಮ್ಮಿ ನನ್ನ ಕಾಲ ಹತ್ತಿರ ಬಿತ್ತು. ಒನಕೆ ನಿಂತಿತ್ತು. ನಾನು ಆ ಚೂರನ್ನು ಮತ್ತೆ ಸಂದಿಗೆ ತೂರಿಸಿ ಎರಡೂ ಕೈಯಿಂದ ಹಿಡಿದುಕೊಂಡೇ ನಿಂತೆ.

ಬಿಸಿಲಿನ ತುಂಡು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗಿದ ಮೇಲೆ ಜಂತಿಗಳ ನಡುವೆ ಆಕಾಶ ಕಂಡಿತು. ಭಾರ ಇಳಿದಿತ್ತು. ಇಮಾಮ್ ಸಾಬರು ಸಣ್ಣ ಗರಗಸ ಹಿಡಿದು ಕದದ ಕೆಳಗಿನ ಹಲಗೆಗಳನ್ನು ಒಂದೊಂದಾಗಿ ಕೊಯ್ದರು, ಚೌಕಟ್ಟನ್ನು ಮುಟ್ಟಲಿಲ್ಲ. ಗೌರಮ್ಮನನ್ನು ಮೊದಲು ಹೊರಗೆಳೆದರು. ನಾನು ಹನುಮಕ್ಕನಿಗೆ ದಾರಿ ಬಿಟ್ಟೆ. ಅವಳು ನನ್ನ ಬೆನ್ನು ತಳ್ಳಿದಳು. “ನಡೀರಿ, ಮನೆ ನಂದು. ನೆಂಟರನ್ನ ಬಿಟ್ಟು ಯಜಮಾನ್ತಿ ಮುಂದೆ ಹೋಗ್ತಾಳಾ?”

ಅಂಗಳದಲ್ಲಿ ಇಮಾಮ್ ಸಾಬರು ಕುಕ್ಕರಗಾಲಲ್ಲಿ ಕುಳಿತಿದ್ದರು. ಅವರ ಉಗುರುಗಳಿಂದ ರಕ್ತ ಬರುತ್ತಿತ್ತು. ನಾನು ಏರಿಸದ ಮುಂದಿನ ಅಂಚಿನಲ್ಲಿ ಉಳಿದ ಮಣ್ಣಿಗೆ ಅವರೇ ಕೈಯಿಟ್ಟು ಅಳೆದಿದ್ದರು: ಒಂದೂವರೆ ಮೊಳ. ಅಂದರೆ ಎರಡೂಕಾಲು ಅಡಿ. ಬಸಣ್ಣ ಹೇಳಿದ್ದರ ಮೂರು ಪಟ್ಟು. ಸಂಜೆ ಹೊತ್ತಿಗೆ ಯಾರೂ ಮುಟ್ಟದೆಯೇ ತೊಲೆ ಬಿತ್ತು. ಗೋಡೆಯೊಳಗಿದ್ದ ಅದರ ತುದಿಯನ್ನು ಗೆದ್ದಲು ತಿಂದು ರವೆ ಮಾಡಿತ್ತು. ಒನಕೆ ಎರಡು ತುಂಡಾಗಿತ್ತು.

ಯಜಮಾನರು ಹೊನ್ನಾಳಿಯಿಂದ ಬಂದ ಮೇಲೆ ನನ್ನನ್ನು ಬೈಯಲಿಲ್ಲ. ಸೆಕ್ಷನ್ ಡ್ರಾಯಿಂಗ್ ತೆಗೆಸಿದರು. ಮನೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಕಾಣುವ ಚಿತ್ರ ಅದು. ಅದರಲ್ಲಿ ಮಾಳಿಗೆಯನ್ನು ನಾನು ಎರಡು ನೇರ ಗೆರೆಗಳಲ್ಲಿ ತೋರಿಸಿದ್ದೆ. ಗೆರೆಗಳು ಬಹಳ ಚೆನ್ನಾಗಿದ್ದವು. “ಈ ಅಳತೆ ಯಾರು ಹಿಡಿದದ್ದು?” ಎಂದು ಕೇಳಿದರು. ಹಿಡಿದವರು ಯಾರೂ ಇರಲಿಲ್ಲ.

ಹೊಸ ತೊಲೆಯ ಮೇಲೆ ಹೊಸ ಮಾಳಿಗೆ ಹಾಕುವ ದಿನ ನಾನು ಕಚ್ಚೆ ಹಾಕಿಕೊಂಡು ಏಣಿ ಹತ್ತಿದೆ. ಗಂಡಸರು ನೋಡಿದರು, ನೋಡಲಿ ಎಂದುಕೊಂಡೆ. ಎಷ್ಟು ಮಣ್ಣು ಹಾಕಲಿ ಎಂದು ಆಳುಗಳು ಕೇಳಿದಾಗ ಬಸಣ್ಣ ಬಾಯಿ ತೆರೆದವನು ಹಾಗೇ ಮುಚ್ಚಿ ತಾಯಿಯ ಕಡೆ ನೋಡಿದ. ಹನುಮಕ್ಕ ಬಂದು ಮಣ್ಣಿಗೆ ಗೇಣಿಟ್ಟು ನೋಡಿ, “ಸಾಕು, ಇಳೀರಿ” ಎಂದಳು. ಬಚ್ಚಲಿಗೆ ಕದವೂ ಬಂತು. ಗೌರಮ್ಮನಿಗೆ ಶ್ರಾವಣದಲ್ಲಿ ಹೆಣ್ಣು ಮಗುವಾಯಿತು.

ಆಮೇಲೆ ಎಷ್ಟೋ ಮನೆಗಳ ಪ್ಲಾನು ಬರೆದೆ. ಯಾರೂ ಕೈಯಿಂದ ಹಿಡಿಯದ ಅಳತೆಯನ್ನು ಅಂದಾಜಿನ ಗೆರೆಯಿಂದ ಮುಚ್ಚಲಿಲ್ಲ. ಅಲ್ಲಿ ಕಾಗದವನ್ನು ಖಾಲಿ ಬಿಟ್ಟೆ. ಆ ಖಾಲಿ ಜಾಗ ತುಂಬಿಸಿಕೊಳ್ಳಲು ಮನೆಯ ಒಡೆಯನ ಹತ್ತಿರ ಹೋಗುವ ಮೊದಲು ಆ ಮನೆಗೆ ಕಲ್ಲು, ಮಣ್ಣು, ನೀರು ಹೊತ್ತವರು ಯಾರೆಂದು ವಿಚಾರಿಸುತ್ತಿದ್ದೆ. ಭಾರ ಎಷ್ಟೆಂದು ಅವರಿಗೆ ಗೊತ್ತಿರುತ್ತದೆ. ಕೇಳುವವರಿಲ್ಲದೆ ಸುಮ್ಮನಿರುತ್ತಾರೆ, ಅಷ್ಟೆ.