ಬಾವಿಗೆ ಬಿದ್ದ ಕೀಲಿಕೈ ಗೊಂಚಲು

ಸುಳ್ಳು ಹೇಳುವುದರಲ್ಲಿ ನಾನು ಅಂಥ ಗಟ್ಟಿಗಿತ್ತಿಯಲ್ಲ. ‘ನಾಳೆ ಪರೀಕ್ಷೆ’ ಎಂದು ಮಕ್ಕಳನ್ನು ಹೆದರಿಸಿದ್ದು ಬಿಟ್ಟರೆ, ನೌಕರಿಯ ಮೊದಲ ವರ್ಷಗಳಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದಕ್ಕೂ ನಾನು ಕಾರಣಳಲ್ಲ, ಟಿವಿ ಧಾರಾವಾಹಿ ಕಾರಣ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಹನುಮಸಾಗರದ ಆಚೆ ಒಂದು ಹಳ್ಳಿಯ ಶಾಲೆಗೆ ನಾನು ಟೀಚರ್, ಅವರ ಬಾಯಲ್ಲಿ ‘ಅಕ್ಕೋರು’. ತವರು ಕೊಪ್ಪಳ. ವಾರವೆಲ್ಲ ಹಳ್ಳಿಯ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆ ಕೋಣೆ. ಶನಿವಾರ ಶಾಲೆ ಬಿಟ್ಟೊಡನೆ ಕೊಪ್ಪಳದ ಬಸ್ಸು, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸ್ಸು.

ಪ್ರತಿ ಭಾನುವಾರ ಸಂಜೆ ಏಳಕ್ಕೆ ಆ ಧಾರಾವಾಹಿ. ಒಂದು ದೊಡ್ಡ ವಾಡೆ, ಅದರ ಯಜಮಾನ ಬಾವಿಯಲ್ಲಿ ಹೆಣವಾಗಿ ತೇಲಿದ್ದಾನೆ. ತಳ್ಳಿದವರು ಯಾರು? ಇದೊಂದೇ ಪ್ರಶ್ನೆಯನ್ನು ಎರಡು ವರ್ಷ ಎಳೆದಿದ್ದರು. ಹಳ್ಳಿಯಲ್ಲಿ ಟಿವಿ ಇದ್ದವು, ಆ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ಹೀಗಾಗಿ ಕೊಪ್ಪಳದಲ್ಲಿ ನೋಡಿ ಬಂದು ಹಳ್ಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸೋಮವಾರ ಬಸ್ಸಿಳಿದು ಬರುವಷ್ಟರಲ್ಲಿ ಅಜ್ಜಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿರುತ್ತಿದ್ದರು. ಕಥೆ ಪುಕ್ಕಟೆ ಅಲ್ಲ, ಕೇಳುತ್ತ ಕೇಳುತ್ತ ಅಜ್ಜಿಯ ಶೇಂಗಾ ಸುಲಿದು ಕೊಡಬೇಕು. ನಾನು ಹೇಳುವವಳು, ಲಾಭ ಆಕೆಯದು!

ಶಾಲೆಯ ಹೆಡ್ ಮಾಸ್ತರರು ಮಾತ್ರ ಮೂಗು ಮುರಿಯುತ್ತಿದ್ದರು. “ಧಾರಾವಾಹಿ ಅಂದ್ರ ಹೆಂಗಸರ ಚಟ” ಎನ್ನುವರು. ಐದು ನಿಮಿಷ ಬಿಟ್ಟು, ಹಾಜರಿ ಪುಸ್ತಕದಿಂದ ತಲೆ ಎತ್ತದೆ, “ಅಲ್ರೀ ಅಕ್ಕೋರ, ಆ ವಕೀಲನ ಕೈಗೆ ಗಾಯ ಹೆಂಗಾತು ಅಂತ ಹೇಳ್ಲೇ ಇಲ್ಲಲ್ಲ?” ಎನ್ನುವರು.

ಇನ್ನು ಕೆಲವೇ ವಾರಕ್ಕೆ ಮುಗಿಯುತ್ತದೆ ಎಂದು ಟಿವಿಯಲ್ಲಿ ಸಾರಿದ್ದೇ ತಡ, ಹಳ್ಳಿಗೆ ಹುಚ್ಚೇ ಹಿಡಿಯಿತು. ನೀರಿನ ಟ್ಯಾಂಕಿನ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. ಸತ್ತವನು ಯಜಮಾನನೇ ಅಲ್ಲ, ಅವನ ಜೋಡಿ ಹುಟ್ಟಿದವನು ಎಂದು ಒಬ್ಬಳು. ತಮ್ಮನೇ ತಳ್ಳಿದ ಎಂದು ಇನ್ನೊಬ್ಬಳು. ಇಂಥ ಹೊತ್ತಿನಲ್ಲಿ ನಾನು ಒಂದು ಕಂತು ತಪ್ಪಿಸಿಕೊಂಡೆ.

ಆ ಭಾನುವಾರ ಮನೆಯವರೆಲ್ಲ ಮದುವೆಗೆಂದು ಗಂಗಾವತಿಗೆ ಹೋಗಿದ್ದರು. ಧಾರಾವಾಹಿ ತಪ್ಪುತ್ತದೆಂದು ತಲೆನೋವಿನ ನೆವ ಹೇಳಿ ಉಳಿದವಳು ನಾನೊಬ್ಬಳೇ. ಹೋಳಿಗೆ ತುಪ್ಪ ಹೊಡೆದು ಮಧ್ಯಾಹ್ನ ಟಿವಿ ಹಚ್ಚಿಟ್ಟೇ ಅಡ್ಡಾದೆ. ಕಣ್ಣು ಬಿಟ್ಟಾಗ ಟಿವಿಯಲ್ಲಿ ವಾರ್ತೆ ಮುಗಿಯುತ್ತ ಬಂದಿತ್ತು. ಕೇಳೋಣವೆಂದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಬೆಳಗ್ಗೆ ಪಡಸಾಲೆಯಲ್ಲಿ ಅಷ್ಟೂ ಮುಖಗಳು ನನ್ನ ಬಾಯಿಯನ್ನೇ ನೋಡುತ್ತಿದ್ದವು. ‘ಮಲಗಿಬಿಟ್ಟೆ’ ಅನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಅಜ್ಜಿಯ ಸೊಸೆ ಚಹಾ ತಂದಳು, ಆಕೆಯ ನಡುವಿನಲ್ಲಿ ಸಿಕ್ಕಿಸಿದ್ದ ಕೀಲಿಕೈ ಗೊಂಚಲು ಝಣ್ ಎಂದಿತು.

“ಬಾವಿ ನೀರು ಖಾಲಿ ಮಾಡಿಸಿದ್ರು. ತಳದಾಗ ಒಂದು ಕೀಲಿಕೈ ಗೊಂಚಲು ಸಿಕ್ಕೇತಿ” ಎಂದೆ.

ಎಲ್ಲರ ಕೈಯಲ್ಲಿನ ಶೇಂಗಾ ನಿಂತುಹೋಯಿತು. ಅಯ್ಯೋ ದೇವರೇ, ಎಷ್ಟು ಛಂದ ಅನ್ನಿಸಿತು ಆಗ! ಮುಂದಿನ ವಾರಗಳಲ್ಲಿ ಧಾರಾವಾಹಿಯವರು ಕೀಲಿಕೈ ಸುದ್ದಿ ಎತ್ತಲಿಲ್ಲ, ಎತ್ತುವುದಾದರೂ ಹೇಗೆ? “ಪೊಲೀಸರು ಗುಟ್ಟಾಗಿ ಇಟ್ಟಾರ” ಎಂದು ನಾನೇ ತೇಪೆ ಹಾಕುತ್ತ ಹೋದೆ.

ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಅಜ್ಜಿ ಒಂದು ಸೋಮವಾರ ಬಾಯಿ ತೆರೆದಳು.

“ಆ ಯಜಮಾನನ ತಾಯಿನ ತಳ್ಳ್ಯಾಳ.”

ಎಲ್ಲರೂ ನಕ್ಕರು. ಆ ತಾಯಿ ಪಾತ್ರ ಮೂಲೆಯಲ್ಲಿ ಕೂತು ಜಪ ಮಾಡುವುದು ಬಿಟ್ಟರೆ ಎರಡು ವರ್ಷದಲ್ಲಿ ಎದ್ದು ನಿಂತಿದ್ದೂ ಇಲ್ಲ.

“ನಗಬ್ಯಾಡ್ರಿ. ಕೀಲಿಕೈ ನಡಾದಾಗ ಇದ್ದಾಕಿ ಬಾವಿಗೆ ಒಗಿಯಂಗಿಲ್ಲ. ಕಳಕೊಂಡಾಕಿ ಒಗೀತಾಳ. ನನಗ ಇಲ್ಲಂದ್ರ ಯಾರಿಗೂ ಬ್ಯಾಡ ಅಂತ ಒಗೀತಾಳ” ಎಂದಳು.

ಬಾಗಿಲಲ್ಲಿ ನಿಂತಿದ್ದ ಸೊಸೆಯ ಕೈ ತಾನಾಗಿಯೇ ನಡುವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಮೇಲೆ ಹೆಂಗಸರು ನನ್ನ ಕಿವಿಯಲ್ಲಿ ಹೇಳಿದರು: ಮೂರು ವರ್ಷದ ಹಿಂದೆ ಅಜ್ಜಿ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದಳು, ಆಗ ಸೊಸೆಯ ನಡುವಿಗೆ ಹೋದ ಗೊಂಚಲು ತಿರುಗಿ ಬರಲಿಲ್ಲ. ಸೊಸೆ ಕೆಟ್ಟವಳಲ್ಲ, ಹೊತ್ತು ಹೊತ್ತಿಗೆ ಊಟ, ಔಷಧಿ ಎಲ್ಲ ನೋಡಿಕೊಳ್ಳುತ್ತಿದ್ದಳು. ಆದರೆ ಆ ಮನೆಯಲ್ಲಿ ಅಜ್ಜಿಯನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಈಗ ಊರೇ ಆಕೆಯನ್ನು ಕೇಳತೊಡಗಿತು. ಹೆಡ್ ಮಾಸ್ತರರು ಕೂಡ “ಅಜ್ಜಿ ಏನಂತಾಳ್ರಿ ಈ ವಾರ?” ಎಂದು ವಿಚಾರಿಸುವರು. ಅಜ್ಜಿಯ ಬೆನ್ನು ನೆಟ್ಟಗಾಯಿತು, ದನಿ ಏರಿತು. “ನನ್ನ ಮಾತು ಸುಳ್ಳಾತಂದ್ರ ಈ ಮನ್ಯಾಗ ಇನ್ನ ಬಾಯಿ ತಗಿಯಂಗಿಲ್ಲ, ನೋಡ್ರಿ ಬೇಕಾರ” ಎಂದು ಪಂಥವನ್ನೂ ಕಟ್ಟಿಬಿಟ್ಟಳು. ನಿಜ ಹೇಳಬೇಕೆಂದು ಎರಡು ಸಲ ಹೋದೆ, ಎರಡು ಸಲವೂ ಆಕೆ ಖುಷಿಯಿಂದ ಹಿಡಿ ಶೇಂಗಾ ಕೈಗೆ ಹಾಕಿದಳು, ತಿನ್ನುತ್ತ ವಾಪಸ್ ಬಂದೆ.

ಕಡೇ ಕಂತಿಗೆ ಹೆಡ್ ಮಾಸ್ತರರೇ ಮುಂದಾಗಿ, ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು, ಸಣ್ಣ ಕಪ್ಪು-ಬಿಳುಪು ಟಿವಿಗೆ ಜೋಡಿಸಿದರು. ಅಜ್ಜಿಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ನನ್ನನ್ನೂ ಆ ವಾರ ಕೊಪ್ಪಳಕ್ಕೆ ಹೋಗಗೊಡಲಿಲ್ಲ. ಅಜ್ಜಿ ಎಲ್ಲರಿಗಿಂತ ಮುಂದೆ, ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು.

ತಳ್ಳಿದವನು ವಕೀಲ. ಆ ತಾಯಿ ಮಗನ ಫೋಟೋ ಹಿಡಿದು ಅತ್ತಳು, ಅಷ್ಟೇ. ಮುಗಿಯಿತು.

“ಮತ್ತ ಕೀಲಿಕೈ?” ಎಂದಿತು ಒಂದು ದನಿ.

“ಮರತಾರ ನೋಡ್ರಿ! ಟಿವಿಯವ್ರಿಗೆ ತಮ್ಮ ಕಥಿ ತಮಗ ನೆನಪಿಲ್ಲ!” ಎಂದಿತು ಇನ್ನೊಂದು.

ಹೆಡ್ ಮಾಸ್ತರರು ಕೆರಳಿ ಎದ್ದರು. “ಬಿಡಬಾರದು ಇದನ್ನ. ಊರ ಮಂದಿ ಎಲ್ಲಾ ಸಹಿ ಮಾಡಿ ಪತ್ರ ಹಾಕೂಣು. ಅಕ್ಕೋರ, ನಿಮ್ಮ ಅಕ್ಷರ ಛಲೋ ಅದಾವ, ಬರೀರಿ!”

ಹಾಳೆ ಬಂತು, ಪೆನ್ನು ಬಂತು. ‘ಮಾನ್ಯರೇ’ ಎಂದು ಬರೆದೆ. ಮುಂದೆ ಕೈ ಓಡಲಿಲ್ಲ.

“ಬಾವ್ಯಾಗ ಕೀಲಿಕೈ ಸಿಕ್ಕೇ ಇಲ್ರಿ. ಅವತ್ತು ನಾನು ಮಲಗಿಬಿಟ್ಟಿದ್ದೆ” ಎಂದೆ.

ಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು. “ಹುಡುಗ್ರಿಗೂ ಹಿಂಗ ಕಲಸ್ತೀರೇನ್ರಿ ಅಕ್ಕೋರ?” ಎಂದು ಹೆಡ್ ಮಾಸ್ತರರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಗದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಅಜ್ಜಿ ಎದ್ದು ಒಳಗೆ ಹೋದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಗ್ಗೆ ಪಡಸಾಲೆ ಖಾಲಿ. ಅಜ್ಜಿ ಒಬ್ಬಳೇ ಶೇಂಗಾ ಸುಲಿಯುತ್ತಿದ್ದಳು. ಹೋಗಿ ಎದುರಿಗೆ ಕೂತೆ.

“ತಪ್ಪಾತ್ರಿ ಅಜ್ಜಿ.”

“ನಿಂದೇನೈತಿ ಬಿಡವಾ ತಂಗಿ” ಎಂದಳು ತಲೆ ಎತ್ತದೆ. “ಜ್ವರದಾಗ ಬಿದ್ದಿದ್ದೆ, ಆಕಿ ಕೀಲಿಕೈ ಬಿಚ್ಚಿಗೊಂಡ್ಳು. ಗಂಜಿ ಕಾಸಬೇಕಲ್ಲ, ತಪ್ಪಿಲ್ಲ. ನಾನು ಎದ್ದ ಮ್ಯಾಲ ‘ಅತ್ತಿ, ಇವು ನನ್ನ ಹಂತೇಕ ಇರ್ಲೇನ್ರಿ’ ಅಂತ ಒಂದು ಮಾತು ಕೇಳಿದ್ರ, ಇಟಗೋ ಅಂತಿದ್ದೆ. ನನಗೂ ವಯಸ್ಸಾಗೇತಿ, ಆ ಭಾರ ಯಾಕ ಬೇಕು? ಕೇಳಲಿಲ್ಲ.”

ನಡುಮನೆಯ ಬಾಗಿಲಲ್ಲಿ ಸೊಸೆ ಕಾಳು ಕೇರುವ ಮೊರ ಹಿಡಿದು ನಿಂತಿದ್ದನ್ನು ಆಗಲೇ ನಾನು ನೋಡಿದ್ದು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಹೋಗುತ್ತಾಳೆ ಅಂದುಕೊಂಡೆ, ಹೋಗಲಿಲ್ಲ.

“ಅತ್ತಿ, ಕಾಳಿನ ಖೋಲಿ ತಗೀಲೇನ್ರಿ?” ಎಂದಳು.

ಅಜ್ಜಿ ಒಂದು ಶೇಂಗಾ ಸುಲಿದಳು. ಇನ್ನೊಂದು ಸುಲಿದಳು.

“ಯಾಕ?”

“ಜ್ವಾಳ ಬೀಸಾಕ ಕಳಸಬೇಕ್ರಿ.”

ಅಜ್ಜಿ ವಿಚಾರಕ್ಕೆ ಬಿದ್ದಳು. ಅತ್ತ ಶಾಲೆಯ ಮೊದಲ ಗಂಟೆ ಹೊಡೆಯಿತು, ನಾನು ಏಳಲಿಲ್ಲ. ಸೊಸೆ ಮೊರವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಮತ್ತೆ ಕಾದಳು.

“ತಗಿ” ಎಂದಳು ಅಜ್ಜಿ ಕೊನೆಗೆ. “ನಾಕ ಸೇರು ಸಾಕು. ಹಳೇ ಜ್ವಾಳ ಮೊದಲ ತಗಿ.”

ಎಷ್ಟು ತೆಗೆಯಬೇಕು, ಯಾವುದು ತೆಗೆಯಬೇಕು ಎಂಬುದು ಮೂರು ವರ್ಷ ಆ ಮನೆ ನಡೆಸಿದ ಸೊಸೆಗೆ ಗೊತ್ತಿಲ್ಲದ್ದೇನಲ್ಲ. “ಆತ್ರಿ ಅತ್ತಿ” ಎಂದು ಆಕೆ ಒಳಗೆ ಹೋದಳು.