ಬಾವುಟದ ಸರದಾರಸಾಬ

ಸಗರದ ಗುಡ್ಡದಲ್ಲಿ ಮದ್ದು ಸಿಡಿಸುವ ಮೊದಲು ಕೆಂಪು ಬಾವುಟ ಹಿಡಿದು ಸುತ್ತುತ್ತಿದ್ದವನು ಸರದಾರಸಾಬ. ಕುರಿ ಕಾಯುವವರನ್ನು, ಕಟ್ಟಿಗೆ ಆರಿಸುವವರನ್ನು ಬೈದು ಅಟ್ಟಿ, ಕೊನೆಗೆ ಬಂಡೆ ಹತ್ತಿ "ಯಾರೂ ಉಳಿದಿಲ್ರಿ, ಹಚ್ರಿ!" ಎಂದು ಅವನು ಕೂಗಬೇಕು. ಅಲ್ಲಿಯವರೆಗೆ ಬತ್ತಿಗೆ ಬೆಂಕಿ ಇಡುವಂತಿಲ್ಲ. ಒಮ್ಮೆ ಯಾರದೋ ಹೋತ ಸಿಗಲಿಲ್ಲವೆಂದು ನಮ್ಮನ್ನೆಲ್ಲ ಊಟದ ಹೊತ್ತಿನವರೆಗೆ ಬಿಸಿಲಲ್ಲಿ ಕೂರಿಸಿದ್ದ. ಇಂಥ ಹಟಮಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯಲ್ಲಿ ಒಲೆ ಹಚ್ಚುವಾಗಲೂ ಹಾಗೇ ಕೂಗುತ್ತಾನೆಂದು ಅವನ ಹೆಂಡತಿ ಮಸ್ತಾನಬಿ ನಗುತ್ತಿದ್ದಳು.

ಕಾಲುವೆ ತೋಡುವ ಕಾಲದಲ್ಲಿ ನಮ್ಮ ಕಲ್ಲಿನ ಕಂಪನಿ ಹುಟ್ಟಿತ್ತು. ಊರವರೇ ಒಬ್ಬೊಬ್ಬರು ಒಂದೊಂದು ಷೇರು ಹಾಕಿದ್ದೆವು. ಕಾಲುವೆಗೆ ನೀರು ಬಂತು, ಕಲ್ಲು ಕೇಳುವವರು ಹೋದರು, ಬ್ಯಾಂಕಿನ ಸಾಲ ಮಾತ್ರ ಉಳಿಯಿತು. ಆಗ ರಾಯಚೂರಿನ ಸಾಹುಕಾರನೊಬ್ಬ ಸಾಲದ ಸಮೇತ ಕಂಪನಿ ಕೊಳ್ಳುತ್ತೇನೆ, ಷೇರಿನ ಹಣ ಎಲ್ಲರಿಗೂ ವಾಪಸ್ ಎಂದ. ಬಾವುಟದವನ ಗತಿಯೇನು ಎಂದು ಕೇಳಿದ್ದಕ್ಕೆ, "ಅದಕ್ಕೊಂದು ಕರೆಂಟಿನ ಭೋಂಗಾ ಕೂಡಸ್ತೀನಿ, ತಾನ ಕೂಗ್ತದ" ಎಂದು ನಕ್ಕ. ಸರದಾರಸಾಬ ನಗಲಿಲ್ಲ. ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷ ಅಂಬ್ರಪ್ಪ ಕೈ ಎತ್ತಿಸಿದರು. ಮಾರೋಣ ಎನ್ನುವವರೂ ಬೇಡ ಎನ್ನುವವರೂ ಸಮಸಮ. ನಾನೂ ಸರದಾರಸಾಬನೂ ಬೇಡದ ಕಡೆ. ಸಮವಾದರೆ ಮಾರಾಟವಿಲ್ಲ ಎಂದು ಮೊದಲೇ ಮಾತಾಗಿತ್ತು. ಸಾಹುಕಾರ ಮುಖ ಗಂಟಿಕ್ಕಿ ಚಪ್ಪಲಿ ಮೆಟ್ಟಿದ. ನನಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಸರದಾರಸಾಬ ಎದ್ದು ನಿಂತು ಎಲ್ಲರ ಮೇಲೂ ಕಣ್ಣಾಡಿಸಿದ.

"ಲಾಲಮ್ಮ ಎಲ್ಲಿ?"

ಲಾಲಮ್ಮನ ಮನೆ ಗುಡ್ಡದ ಬುಡದಲ್ಲಿ. ಮದ್ದು ಸಿಡಿದಾಗೆಲ್ಲ ಅವಳ ಗೋಡೆ ಬಿರಿಯುತ್ತಿತ್ತು. ಷೇರಿನ ಹಣ ಬಂದರೆ ಬೇರೆ ಕಡೆ ಮನೆ ಹಾಕಿಕೊಳ್ಳಬೇಕೆಂದು ಕಾದಿದ್ದಳು. ಅವಳ ಕೈ ಯಾವ ಕಡೆ ಏಳುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಕಾಲುವಿ ಕಡಿ ನಾಟಿಗಿ ಹೋಗ್ಯಾಳ. ಸುಮ್ನ ಕುಂಡ್ರು," ಎಂದು ನಾನು ಅವನ ಅಂಗಿ ಎಳೆದೆ. "ನಿನ್ನ ಹೊಟ್ಟಿ ಮ್ಯಾಲ ನೀನ ಹೊಡ್ಕೊಳ್ಳಾಕತ್ತಿ."

"ಗೊತ್ತದ. ಆದ್ರ ಒಬ್ಬಾಕಿ ಉಳದಾಳಲ್ಲ?"

ಅವಳನ್ನು ಕರೆತರಲು ಹೊರಟೇಬಿಟ್ಟ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಲಾಲಮ್ಮ ಮೊಣಕಾಲವರೆಗೆ ಕೆಸರು ಮಾಡಿಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು. ವಿಷಯ ತಿಳಿದು ಅವನತ್ತ ನೋಡಿದಳು. "ನಿನ್ನ ಕೆಲಸ ಹೋಗ್ತದಲ್ಲೋ ಯಣ್ಣಾ?"

"ನಿನ್ನ ಗ್ವಾಡಿ ಬೀಳಾಕತ್ತದಲ್ಲ ಯವ್ವಾ. ಕೈ ಎತ್ತು."

ಒಂದು ಕೈಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಇನ್ನೊಂದು ಕೈ ಎತ್ತಿದಳು.

ಅಂಬ್ರಪ್ಪನವರು ಪೆನ್ನು ಹಿಡಿದವರು ಸಹಿ ಹಾಕದೆ ಸರದಾರಸಾಬನ ಮುಖವನ್ನೇ ನೋಡಿದರು. ನಾವೆಲ್ಲರೂ ನೋಡಿದೆವು. ಅಷ್ಟು ವರ್ಷದ ರೂಢಿ.

"ಯಾರೂ ಉಳಿದಿಲ್ರಿ," ಎಂದ. ಅಷ್ಟಕ್ಕೇ ನಿಲ್ಲಿಸಿ ಕೂತುಬಿಟ್ಟ.

"ಹಚ್ರಿ" ಎಂದು ನಾನೇ ಹೇಳಬೇಕಾಯಿತು.