ಕರ್ಕಿಯಿಂದ ಹೊರಬಿದ್ದ ಪಾಸ್‌ವರ್ಡ್

ಕೋವಿಡ್ ಕಳೆದ ಮರುವರ್ಷ ನಾನು ಹೊನ್ನಾವರದ ಸಣ್ಣ ಆನ್‌ಲೈನ್ ಟಿವಿ ಸಂಸ್ಥೆಯೊಂದರ ತಾಂತ್ರಿಕ ಮುಖ್ಯಸ್ಥೆಯಾಗಿದ್ದೆ. ಕುಮಟಾದಿಂದ ಭಟ್ಕಳದವರೆಗಿನ ಯಕ್ಷಗಾನದ ಆಟಗಳನ್ನು ಚಂದಾದಾರರಿಗೆ ನೇರಪ್ರಸಾರ ಮಾಡುತ್ತಿದ್ದೆವು. ನೋಡಿದವರೆಷ್ಟೋ ಅದಕ್ಕೆ ತಕ್ಕಂತೆ ಕಲಾವಿದರಿಗೆ ಪಾಲು.

ಆ ಹಂಗಾಮಿನಲ್ಲಿ ನಮ್ಮ ಆಟಗಳು ಟೆಲಿಗ್ರಾಂ ಚಾನೆಲ್ಲೊಂದರಲ್ಲಿ ಪುಕ್ಕಟೆ ಸಿಗತೊಡಗಿದವು. ಚಂದಾದಾರರು ಕರಗಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಚಾನೆಲ್ ಇಳಿಸಿಕೊಳ್ಳಲು ಹೇಳುತ್ತಿದ್ದ ಆ್ಯಪ್ ಫೋನಿನ ಒಟಿಪಿ ಕದಿಯುತ್ತಿತ್ತು. ಮಾವಳ್ಳಿಯ ಮೀನುಗಾರರೊಬ್ಬರ ಬ್ಯಾಂಕ್ ಖಾತೆ ಖಾಲಿಯಾಯಿತು. ಮೂಲ ಹುಡುಕಿ ಎಂದು ಮುಖ್ಯ ಕಚೇರಿಯಿಂದ ಆದೇಶ ಬಂತು.

ಪ್ರತಿ ಚಂದಾದಾರರ ಪರದೆಯಲ್ಲೂ ಕಣ್ಣಿಗೆ ಕಾಣದ ಗುರುತೊಂದನ್ನು ನಾವು ಸೇರಿಸುತ್ತೇವೆ, ಅದೇ ವಾಟರ್‌ಮಾರ್ಕ್. ಕದ್ದ ಪ್ರತಿಯಲ್ಲಿ ಅದನ್ನು ಓದಿದಾಗ ಸಿಕ್ಕಿದ್ದು ನಮ್ಮದೇ ವೇಷಧಾರಿ, ಕರ್ಕಿಯ ಗಣಪತಿಯವರ ಖಾತೆ. ನಂಬಲಾಗದೆ ಅವರ ಮನೆಗೇ ಹೋದೆ. ಗಣಪತಿ ಇರಲಿಲ್ಲ. ಹೆಂಡತಿ ಮಂಗಲಾ ಚಹಾ ತಂದಿಟ್ಟರು.

"ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ರಾ?" ಎಂದೆ.

"ಹೌದು ಮೇಡಂ, ತಮ್ಮಂಗೆ. ಅವ ಈಗ ದುಬೈಲಿ ಇರೂದು. ಅಲ್ಲಿಂದ ನಿಮ್ಗೆ ದುಡ್ಡು ಕಟ್ಟೂಕೆ ಆಗೂದಿಲ್ವಂತೆ. ಭಾವನ ವೇಷ ನೋಡ್ಬೇಕು ಅಂದ. ಎಂತ ಆತು?"

ಮಂಗಲಾ ಅಲ್ಲೇ ತಮ್ಮನಿಗೆ ಫೋನ್ ಹಚ್ಚಿದಾಗ ಗೊತ್ತಾಯಿತು, ದುಬೈನ ಅವನ ಕೋಣೆಯಲ್ಲಿ ನಮ್ಮ ಊರ ಕಡೆಯವರೆಲ್ಲ ಕೂಡಿ ನೋಡುತ್ತಿದ್ದರು. ಅವರಲ್ಲೊಬ್ಬ ರೆಕಾರ್ಡ್ ಮಾಡಿ ಗೆಳೆಯರಿಗೆ ಹಂಚಿದ್ದ. ಆ ಟೆಲಿಗ್ರಾಂ ಚಾನೆಲ್‌ನವರು ಅಲ್ಲಿಂದ ಎತ್ತಿಕೊಂಡಿದ್ದರು. ವಿಷಯ ತಿಳಿದು ಮಂಗಲಾ ಅವರ ಮುಖ ಸಣ್ಣದಾಯಿತು. "ನಮ್ಮನೆಯವ್ರ ವೇಷ ನಮ್ಮವಂಗೇ ತೋರ್ಸಿದ್ರೆ ಕಳ್ತನ ಆಗ್ತದಾ?" ಎಂದರು. ನಮ್ಮ ಆ್ಯಪ್ ವಿದೇಶದ ಕಾರ್ಡು ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು.

ಮುಖ್ಯ ಕಚೇರಿಗೆ ಫೋನ್ ಮಾಡಿ ವಿವರಿಸತೊಡಗಿದೆ. "ಹೆಸರು ಕಳಿಸಿ ಮೇಡಂ, ಕಥೆ ಬೇಡ," ಎಂದರು. ಬರೀ ಹೆಸರು ಕಳಿಸಿದೆ. ಖಾತೆಯನ್ನಷ್ಟೇ ಮುಚ್ಚುತ್ತಾರೆ ಎಂದುಕೊಂಡಿದ್ದೆ. ಗಣಪತಿಯವರ ಒಪ್ಪಂದವನ್ನೇ ರದ್ದು ಮಾಡಿದರು.

ಕೆಲದಿನಗಳ ಬಳಿಕ ಗಣಪತಿ ಫೋನ್ ಮಾಡಿದರು. ಬೈಯಲಿಲ್ಲ. "ನಿಮ್ಮ ಕೆಲ್ಸ ನೀವು ಮಾಡಿದ್ರಿ, ಅಡ್ಡಿಲ್ಲ. ಆದ್ರೆ ಮಂಗಲಾ ತಮ್ಮನ ಹತ್ರ ಮಾತು ಬಿಟ್ಟಿದ್ದಾಳೆ. ನನ್ನ ವೇಷ ಹಾಳು ಮಾಡಿದವ್ಳು ತಾನೇ ಅಂತಾಳೆ. ಒಂದ್ಸಲ ಬಂದು ಸಮಾಧಾನ ಹೇಳ್ತೀರಾ?" ಹೋದೆ. ಮಂಗಲಾ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ಆ ಟೆಲಿಗ್ರಾಂ ಚಾನೆಲ್ ಬೇರೆ ಹೆಸರಲ್ಲಿ ಮತ್ತೆ ಶುರುವಾಯಿತು. ನಡೆಸಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಮುಂದಿನ ಹಂಗಾಮಿಗೆ ನಮ್ಮ ಸಂಸ್ಥೆ ವಿದೇಶದ ಕಾರ್ಡುಗಳಿಗೂ ಬಾಗಿಲು ತೆರೆಯಿತು.

ವಾಟರ್‌ಮಾರ್ಕ್ ಹೇಳುವುದು ಯಾರು ಎಂದಷ್ಟೇ. ಯಾಕೆ ಎಂಬುದನ್ನು ಹುಡುಕಿದವರೇ ಬರೆಯಬೇಕು, ಕೇಳುವವರು ಬೇಡವೆಂದರೂ. ನಾನು ಅರ್ಧ ಕೆಲಸ ಮಾಡಿ ಪೂರ್ತಿ ಸಂಬಳ ಪಡೆದೆ.